ಹೊಗೆಯೋ ಮಂಜೋ?

ತರ್ಕಶಾಸ್ತ್ರದ ವಿದ್ಯಾರ್ಥಿಗೆ ಗುರುಗಳು ಪ್ರಥಮತಃ ತೋರಿಸುವುದು ಬೆಟ್ಟದ ಮೇಲಿನ ಹೊಗೆಯನ್ನು. ಹೊಗೆ ಕಂಡಲ್ಲಿ ಬೆಂಕಿಯುಂಟೆಂದು ಊಹಿಸಬೇಕು. ಆದರೆ ಕಂಡದ್ದು ಹೊಗೆಯೇ ಹೌದೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಮಂಜನ್ನು ಹೊಗೆಯೆಂದು ಬಗೆದು ಬೆಂಕಿಯನ್ನು ಸಾಧಿಸಹೊರಟವನ ಹೇತು ಅಸಿದ್ಧವೆನಿಸುತ್ತದೆ. ನಮ್ಮ ಆಳಂದ ಸೀಮೆಯ ರೈತನಿಗೆ ಇದನ್ನು ಶಾಸ್ತ್ರ ಹೇಳಿಕೊಡಬೇಕಾಗಿಲ್ಲ. ಮಾರ್ಗಶಿರದ ಬೆಳಗಿನಲ್ಲಿ ತೊಗರಿಯ ಹೊಲದ ಮೇಲೆ ಕವಿದ ಮಂಜನ್ನು ಕಂಡು ಅವನು ಕೊಡ ಹೊತ್ತು ಓಡುವುದಿಲ್ಲ.

ಹಳಗನ್ನಡ ಕಾವ್ಯಗಳಲ್ಲಿಯೂ ವ್ಯಾಕರಣದಲ್ಲಿಯೂ ಆಯುಷ್ಯವನ್ನು ಸವೆಸಿದ ನನಗೆ ಈ ಪಾಠದ ಮಹತ್ವ ಮನವರಿಕೆಯಾದದ್ದು ಗಣಕಯಂತ್ರವೊಂದರ ಮುಂದೆ. ಖಜೂರಿಯ ನಮ್ಮ ಶಾಲೆಯ ಕಚೇರಿಯಲ್ಲಿ ದಾನಿಗಳು ಕೊಡಿಸಿದ ಕಂಪ್ಯೂಟರೊಂದಿದೆ. ಹಳೆಯ ವಿದ್ಯಾರ್ಥಿಗಳ ಹೆಸರುಪಟ್ಟಿ, ಅಂಕಪಟ್ಟಿಗಳ ಪ್ರತಿ, ಈ ಸಂಚಿಕೆಯ ಲೇಖನಗಳು, ಜೊತೆಗೆ ಗಡಿಭಾಗದ ಆಡುಮಾತಿನಿಂದ ನಾನು ಹಲವು ವರ್ಷ ಕಲೆಹಾಕಿದ ಶಬ್ದಗಳು, ಎಲ್ಲವೂ ಅದರ ಹೊಟ್ಟೆಯಲ್ಲಿಯೇ ಇದ್ದವು. ಯಂತ್ರದ ಆರೋಗ್ಯವನ್ನು ಪರೀಕ್ಷಿಸುವ ತಂತ್ರಾಂಶವೊಂದು ಒಂದು ದಿನ ಕೆಂಪಕ್ಷರಗಳಲ್ಲಿ ಎಚ್ಚರಿಕೆ ನೀಡಿತು: ಹಾರ್ಡ್ ಡಿಸ್ಕ್ ಶೀಘ್ರದಲ್ಲಿಯೇ ಕೆಡಲಿದೆ!

ಆ ಕೆಂಪಕ್ಷರಗಳು ಮಾಡಿದ ಕ್ಷೋಭೆ ಸಣ್ಣದಲ್ಲ. ಫೋನಿನಲ್ಲಿ ವಿಚಾರಿಸಿದಾಗ ಅಂಗಡಿಯವರು, ಯಂತ್ರವನ್ನು ನೋಡದೆಯೇ, ಹೊಸದನ್ನು ಕೊಳ್ಳುವುದೇ ಲೇಸೆಂದರು. ಅದಕ್ಕೆ ಬೇಕಾದ ಹಣವೆಂದರೆ ಗ್ರಂಥಾಲಯಕ್ಕೆಂದು ತೆಗೆದಿರಿಸಿದ ಹಣ. ಇದಕ್ಕಿಂತಲೂ ಖೇದಕರವಾದುದು ಇನ್ನೊಂದು. ಕರೆಂಟು ಹೋದಾಗ ಯಂತ್ರವನ್ನು ಸರಿಯಾಗಿ ಆರಿಸದೆ ಕೆಡಿಸಿದವನು ಕಚೇರಿಯ ಜವಾನನೇ ಎಂಬ ಪಿಸುಮಾತು ಹುಟ್ಟಿತು. ಆ ಬಡವ ಎರಡು ದಿನ ತಲೆಯೆತ್ತಿ ಮಾತನಾಡಲಿಲ್ಲ.

ಕಲಬುರಗಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಸುದ್ದಿ ತಿಳಿದು ಬಂದನು. ಮೊದಲು ಅವನು ಸಕಲ ಬರಹಗಳನ್ನೂ ಎರಡು ಬೇರೆ ಬೇರೆ ಸಾಧನಗಳಿಗೆ ನಕಲು ಮಾಡಿಕೊಂಡನು. ಅನಂತರ, “ಪಂಡಿತರೇ, ಎಚ್ಚರಿಕೆಯನ್ನು ಓದಿದರೆ ಸಾಲದು, ಅದಕ್ಕೆ ಕಾರಣವಾದ ಅಂಕೆಯನ್ನು ಓದಬೇಕು” ಎಂದನು. ಡಿಸ್ಕು ತನ್ನ ಸ್ಥಿತಿಯನ್ನು ತಾನೇ ಲೆಕ್ಕವಿಡುವ ಏರ್ಪಾಡಿಗೆ ‘ಸ್ಮಾರ್ಟ್’ ಎಂದು ಹೆಸರಂತೆ. ಕೆಟ್ಟ ಭಾಗಗಳನ್ನು ಎಣಿಸುವ ಸಾಲುಗಳಲ್ಲಿ ಸೊನ್ನೆಯಿತ್ತು. ಏರಿದ್ದುದು ೧೯೯ನೆಯ ಸಾಲು ಮಾತ್ರ. ಡಿಸ್ಕಿಗೂ ಯಂತ್ರಕ್ಕೂ ನಡುವೆ ಮಾಹಿತಿ ಸಾಗುವಾಗ ಆಗುವ ತಪ್ಪುಗಳ ಎಣಿಕೆ ಅದು. ಸಾಮಾನ್ಯವಾಗಿ ಸಡಿಲವಾದ ಅಥವಾ ಹಳತಾದ ಕೇಬಲ್ಲಿನ ದೋಷ. ಕೇಬಲ್ಲನ್ನು ಬದಲಾಯಿಸಿ, ಅಂದಿನ ಅಂಕೆಯನ್ನು ಬರೆದಿಡಲು ಹೇಳಿದನು. ಆ ಅಂಕೆ ಒಮ್ಮೆ ಏರಿದರೆ ಇಳಿಯುವುದಿಲ್ಲ. ಮತ್ತೆ ಏರದಿದ್ದರೆ ರೋಗ ಹೋಯಿತೆಂದು ತಿಳಿಯಬೇಕು. ಹದಿನೈದು ದಿನ ನೋಡಿದೆವು, ಏರಲಿಲ್ಲ. ಜವಾನನ ಮುಖ ಅರಳಿತು. ಗ್ರಂಥಾಲಯಕ್ಕೆ ಪುಸ್ತಕಗಳೂ ಬಂದವು.

ಇಂಥ ಮಂಜಿನ ಹೊಗೆ ಬೇರೆಡೆಯೂ ಉಂಟು. ಕೆಲವು ಅಂಕೆಗಳಿಗೆ ಒಬ್ಬೊಬ್ಬ ತಯಾರಕನು ಒಂದೊಂದು ಅರ್ಥವನ್ನಿಟ್ಟಿದ್ದಾನೆ. ಒಬ್ಬನು ಗಂಟೆಗಳಲ್ಲಿ ಎಣಿಸಿದ್ದನ್ನು ಇನ್ನೊಬ್ಬನು ನಿಮಿಷಗಳಲ್ಲಿ ಎಣಿಸಿರುತ್ತಾನೆ. ಪರಿಭಾಷೆ ತಿಳಿಯದೆ ಸೂತ್ರಕ್ಕೆ ಅರ್ಥ ಹೇಳುವ ವ್ಯಾಖ್ಯಾನಕಾರನಂತೆ ತಂತ್ರಾಂಶವೂ ಆಗ ಎಡವುತ್ತದೆ.

ಹಾಗೆಂದು ಎಚ್ಚರಿಕೆಗಳೆಲ್ಲ ಸುಳ್ಳೆಂದು ಕಡೆಗಣಿಸಲಾಗದು. ಗೂಗಲ್ ಸಂಸ್ಥೆಯ ಸಂಶೋಧಕರು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಅಭ್ಯಸಿಸಿ ೨೦೦೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಸಂಗತಿಗಳಿವೆ. ಡಿಸ್ಕು ತನ್ನ ಮೈಯನ್ನು ತಾನೇ ಪರೀಕ್ಷಿಸಿಕೊಳ್ಳುವಾಗ ಮೊದಲ ದೋಷ ಕಂಡುಬಂದರೆ, ಮುಂದಿನ ೬೦ ದಿನಗಳಲ್ಲಿ ಅದು ಕೆಡುವ ಸಂಭವ ದೋಷವಿಲ್ಲದುದಕ್ಕಿಂತ ೩೯ ಪಾಲು ಹೆಚ್ಚು. ಆದರೆ ಕೆಟ್ಟುಹೋದ ಡಿಸ್ಕುಗಳಲ್ಲಿ ಶೇಕಡಾ ೩೬ಕ್ಕೂ ಹೆಚ್ಚಿನವು, ಉಷ್ಣತೆಯ ಅಂಕೆಯೊಂದನ್ನುಳಿದು, ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ ಎಂದು ತಾರ್ಕಿಕರು ಹೇಳುವುದು ಇದನ್ನೇ. ಆದ್ದರಿಂದ ಎಚ್ಚರಿಕೆ ಬರಲಿ, ಬಾರದಿರಲಿ, ನಕಲು ಇಟ್ಟುಕೊಳ್ಳುವುದು ಮೊದಲ ಕರ್ತವ್ಯ.

ಬೇಕೆಂದೇ ಹೊಗೆ ಹಾಕುವವರೂ ಇದ್ದಾರೆ. ಅಮೆರಿಕದಲ್ಲಿ ಆಫೀಸ್ ಡಿಪೊ ಎಂಬ ಮಳಿಗೆಯವರು ಉಚಿತವಾಗಿ ಕಂಪ್ಯೂಟರಿನ ಆರೋಗ್ಯ ತಪಾಸಣೆ ಮಾಡುತ್ತಿದ್ದರು. ಗಿರಾಕಿಯು ಯಂತ್ರ ನಿಧಾನವಾಗಿದೆಯೆಂದು ಹೇಳಿದರೆ ಸಾಕು, ಆ ತಂತ್ರಾಂಶ ಯಂತ್ರದಲ್ಲಿ ಏನಿದೆಯೆಂದು ನೋಡದೆಯೇ ರೋಗಲಕ್ಷಣವನ್ನು ತೋರಿಸುತ್ತಿತ್ತೆಂಬುದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿನ ಆರೋಪ. ೨೦೧೯ರಲ್ಲಿ ಮಳಿಗೆಯವರೂ ತಂತ್ರಾಂಶ ಒದಗಿಸಿದ ಸಂಸ್ಥೆಯವರೂ ಒಟ್ಟು ೩೫ ಮಿಲಿಯ ಡಾಲರ್ ಕೊಟ್ಟು ವ್ಯಾಜ್ಯವನ್ನು ಮುಗಿಸಿಕೊಂಡರು. ನಮ್ಮಲ್ಲಿಯೂ ಪರದೆಯ ಮೇಲೆ ಎಚ್ಚರಿಕೆಯೊಡನೆ ಫೋನ್ ಸಂಖ್ಯೆ ಮೂಡಿದರೆ ಆ ಸಂಖ್ಯೆಗೆ ಕರೆ ಮಾಡಬಾರದು. ಹಣ ಕಳೆದುಕೊಂಡವರು ೧೯೩೦ಕ್ಕೆ ಕೂಡಲೇ ದೂರು ಕೊಡಬೇಕು.

ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿಯಿಷ್ಟೆ: ಯಂತ್ರ ದೋಷ ತೋರಿಸಿದಾಗ ಕಾರಣವನ್ನು ವಿಚಾರಿಸುವ ಮೊದಲೇ ಮನುಷ್ಯನ ಮೇಲೆ ಅಪವಾದ ಹೊರಿಸಬಾರದು. ದಾನಿಗಳು ಯಂತ್ರ ಕೊಡಿಸುವಾಗ ನಕಲು ಇಡುವ ಸಾಧನವೊಂದನ್ನೂ ಕೊಡಿಸಲಿ. ಗಣಕವಿದ್ಯೆ ಬಲ್ಲ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಶಾಲೆಗೆ ಬಂದು ಅರ್ಧ ದಿನ ಈ ಯಂತ್ರಗಳ ಮುಂದೆ ಕುಳಿತರೆ, ಅದಕ್ಕಿಂತ ದೊಡ್ಡ ಗುರುದಕ್ಷಿಣೆಯನ್ನು ನಾವು ಬಯಸುವುದಿಲ್ಲ.