ಮಾವ ಕೊಟ್ಟ ವಾಚಿನ ಚೈನು

ವಾಚುಗಳಲ್ಲಿ ಎರಡು ಜಾತಿ. ಒಂದು, ಬೆಲ್ಟು ಹಳತಾದರೆ ಬಿಚ್ಚಿ ಹೊಸದು ಹಾಕಿಸಿಕೊಳ್ಳುವಂಥದ್ದು. ಇನ್ನೊಂದು, ಚೈನಿನ ಸಮೇತ ಹುಟ್ಟಿ ಚೈನಿನ ಸಮೇತವೇ ಸಾಯುವಂಥದ್ದು. ಮದುವೆಯಲ್ಲಿ ಮಾವನವರು ನನ್ನ ಕೈಗೆ ಕಟ್ಟಿದ್ದು ಎರಡನೇ ಜಾತಿಯದು. ಸ್ಟೀಲಿನ ಮೈ, ನಡುನಡುವೆ ಚಿನ್ನದ ನೀರು. ಕೇಸು ಎಲ್ಲಿ ಮುಗಿಯಿತು, ಚೈನು ಎಲ್ಲಿ ಶುರುವಾಯಿತು ಎಂದು ಬೆರಳಾಡಿಸಿದರೂ ತಿಳಿಯುತ್ತಿರಲಿಲ್ಲ. ಮಂತ್ರದ ನಡುವೆ ಪುರೋಹಿತರೂ ಒಮ್ಮೆ ಅತ್ತ ಕಣ್ಣು ಹಾಯಿಸಿದರು. ಟೈಮು ನೋಡಿದರೋ ವಾಚು ನೋಡಿದರೋ ಹೇಳಲಾರೆ.

ಈ ಫ್ಯಾಷನ್ನಿನ ಮೂಲಪುರುಷ ಜಿನೀವಾದ ಜೆರಾಲ್ಡ್ ಜೆಂಟಾ. ಬಾಸೆಲ್ಲಿನ ವಾಚು ಮೇಳದ ಹಿಂದಿನ ಸಂಜೆ ಓಡೆಮಾರ್ ಪಿಗೆ ಕಂಪನಿಯಿಂದ ಫೋನು ಬಂತಂತೆ, ಯಾರೂ ಕಂಡಿರದ ಸ್ಟೀಲ್ ವಾಚೊಂದರ ಚಿತ್ರ ಬೆಳಿಗ್ಗೆಗೆ ಬೇಕು ಎಂದು. ನೀರಿಗಿಳಿಯುವ ಮುಳುಗುಗಾರರ ಹಳೇ ಹೆಲ್ಮೆಟ್ಟನ್ನು ನೆನೆದುಕೊಂಡು ಈತ ಒಂದೇ ರಾತ್ರಿಯಲ್ಲಿ ಬರೆದುಕೊಟ್ಟನಂತೆ. 1972ರಲ್ಲಿ ಹೊರಬಂದ ಆ ರಾಯಲ್ ಓಕ್‌ಗೆ ಎಂಟು ಮೂಲೆ, ಎಂಟು ಸ್ಕ್ರೂ, ಕೇಸಿನಿಂದಲೇ ಇಳಿದು ಕಿರಿದಾಗುತ್ತ ಹೋಗುವ ಚೈನು. ಬೆಲೆ 3,300 ಸ್ವಿಸ್ ಫ್ರಾಂಕು. ಬರೀ ಉಕ್ಕಿಗೆ ಅಷ್ಟು! 1976ರಲ್ಲಿ ಅದೇ ಕೈ ಪಟೆಕ್ ಫಿಲಿಪ್‌ಗೆ ನಾಟಿಲಸ್ ಬರೆಯಿತು. 1978ರಲ್ಲಿ ಟಿಸ್ಸೋ ಕೂಡ ಅದೇ ದಾರಿ ಹಿಡಿಯಿತು. ಹೀಗೆ ಇಳಿಯುತ್ತ ಇಳಿಯುತ್ತ ತೊಂಬತ್ತರ ದಶಕದಲ್ಲಿ ಆ ವಂಶದ ಯಾವುದೋ ದೂರದ ಕುಡಿ ನಮ್ಮ ಮದುವೆ ಛತ್ರ ತಲುಪಿತು. ಒಂದು ರಾತ್ರಿಯ ಗಡಿಬಿಡಿಯಲ್ಲಿ, ಗಂಡಸರು ಮದುವೆಯಾದ ಮೇಲೆ ದಪ್ಪಗಾಗುತ್ತಾರೆ ಎಂಬುದು ಪಾಪ ಜೆಂಟಾನಿಗೆ ಹೊಳೆಯದೆ ಹೋಗಿರಬೇಕು.

ಆಗ ನನ್ನ ಮಣಿಕಟ್ಟು ಬಿದಿರುಕಡ್ಡಿಯಂತಿತ್ತು. ಅಂಗಡಿಯವನು ಚೈನಿನಿಂದ ಕೆಲವು ಕೊಂಡಿ ತೆಗೆದು, ಪುಟ್ಟ ಪ್ಲಾಸ್ಟಿಕ್ ಕವರಿಗೆ ಹಾಕಿ, "ಜೋಪಾನ ಸಾರ್" ಎಂದು ಕೊಟ್ಟ. ಜೋಪಾನವಾಗಿ ಎತ್ತಿಟ್ಟ ವಸ್ತು ನಮ್ಮ ಮನೆಯಲ್ಲಿ ಮತ್ತೆ ಸಿಕ್ಕ ಉದಾಹರಣೆಯಿಲ್ಲ. ಅತ್ತೆ ಮನೆಯ ಅಡುಗೆ ಮೈಗೆ ಹತ್ತತೊಡಗಿದಾಗ ಆ ಕವರಿಗಾಗಿ ಬೀರು, ಟ್ರಂಕು, ದೇವರ ಗೂಡು ಎಲ್ಲ ಜಾಲಾಡಿದೆವು. ಬೆಲ್ಟಾಗಿದ್ದರೆ ಒಂದು ತೂತು ಮುಂದಕ್ಕೆ ಸರಿದರೆ ಆಯಿತು. ಈ ವಾಚಿನ ಲಾಕಿನಲ್ಲಿ ಪಿನ್ನು ಅತ್ತಿತ್ತ ಸರಿಸಲು ತೂತುಗಳೇ ಇರಲಿಲ್ಲ, ಅಂದ ಕೆಡುತ್ತದಲ್ಲ! ಹಾಗಾಗಿ ಒಂದು ಕೊಂಡಿ ಹೆಚ್ಚು, ಇಲ್ಲವೇ ಒಂದು ಕೊಂಡಿ ಕಡಿಮೆ. ಏಪ್ರಿಲ್ ಸೆಕೆಯಲ್ಲಿ ಕೈಗೆ ಮುದ್ರೆ ಒತ್ತುತ್ತಿದ್ದ ಚೈನೇ ಡಿಸೆಂಬರಿನಲ್ಲಿ ಡಯಲನ್ನು ಹೊಟ್ಟೆಯಡಿಗೆ ತಿರುಗಿಸಿಕೊಂಡು ಮಲಗುತ್ತಿತ್ತು. ಎರಡು ಕೊಂಡಿಗಳ ಸಂದಿಗೆ ಮುಂಗೈ ಕೂದಲು ಸಿಕ್ಕಿಕೊಂಡರಂತೂ ಸ್ಕೂಟರಿನ ಮೇಲೆಯೇ "ಅಮ್ಮಾ" ಎನ್ನಬೇಕು. ಸಿಗ್ನಲ್ಲಿನಲ್ಲಿ ಪಕ್ಕದವರು ಹಾವು ಕಚ್ಚಿತೇನೋ ಎಂಬಂತೆ ನೋಡುತ್ತಿದ್ದರು.

ಆದರೂ ಹಾಕಿಕೊಳ್ಳುತ್ತಿದ್ದೆ. ಮನೆಗೆ ಬಂದಾಗಲೆಲ್ಲ ಮಾವನವರ ಕಣ್ಣು ಮೊದಲು ನನ್ನ ಎಡಗೈಗೆ ಹೋಗುತ್ತಿತ್ತು. "ಅಳಿಯಂದ್ರು ವಾಚ್ ಕಟ್ಟಿಲ್ವೇನಮ್ಮ" ಎಂದು ಮಗಳನ್ನು ಕೇಳುವರೇ ಹೊರತು ನನ್ನನ್ನು ಕೇಳುವವರಲ್ಲ.

ಕೊನೆಗೆ ಕೇಸಿನ ಪಕ್ಕದ ಮೊದಲ ಕೊಂಡಿಯೇ ಸವೆದು ಕಿತ್ತುಬಂತು. ರಿಪೇರಿಯವರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಹಿಂದೆಮುಂದೆ ತಿರುಗಿಸಿ ನೋಡಿದರು. ಸಾಮಾನ್ಯ ವಾಚಿಗಾದರೆ ಮೇಲೊಂದು ಕೆಳಗೊಂದು ಜೋಡಿ ಕೊಂಬಿರುತ್ತದೆ, ನಡುವೆ ಸ್ಪ್ರಿಂಗ್ ಪಿನ್ನು, ಅಗಲ 18 ಮಿಲಿಮೀಟರೋ 20 ಮಿಲಿಮೀಟರೋ ಎಂದು ಅಳೆದರೆ ಸಾಕು, ಯಾವ ಕಂಪನಿಯ ಬೆಲ್ಟಾದರೂ ಕೂರುತ್ತದೆ. ನನ್ನ ವಾಚಿಗೆ ಕೊಂಬೇ ಇಲ್ಲ. ಬೆಲ್ಟು ಕೂರಬೇಕಾದ ಕಡೆ ಅದರದೇ ಆಕಾರದ ಒಂದು ಕಚ್ಚು, ಅದಕ್ಕೆ ಅದರದೇ ಕೊಂಡಿ.

"ಮಿಷಿನ್ ಏ ಒನ್ ಇದೆ ಸಾರ್. ಇನ್ನೂ ಇಪ್ಪತ್ತು ವರ್ಷ ಓಡುತ್ತೆ."

"ಕೈಗೆ ಕಟ್ಟೋದು?"

"ಅದೇ ಆಗಲ್ಲ."

ಶೋರೂಮಿನ ಹುಡುಗಿ ಇನ್ನೂ ವಿನಯವಾಗಿ ಹೇಳಿದಳು: ಆ ಮಾಡೆಲ್ ನಿಂತಿದೆ, ಬಿಡಿಭಾಗ ಬರುವುದಿಲ್ಲ, ಎಕ್ಸ್‌ಚೇಂಜಿಗೆ ಕೊಟ್ಟರೆ ಹೊಸದರಲ್ಲಿ ಸ್ವಲ್ಪ ಬಿಡುತ್ತೇವೆ. ಮಾವನವರನ್ನು ಎಕ್ಸ್‌ಚೇಂಜಿಗೆ ಕೊಟ್ಟಂತಾದೀತು ಎಂದುಕೊಂಡು ಎದ್ದುಬಂದೆ.

ನಮ್ಮಪ್ಪನ ಎಚ್‌ಎಂಟಿ ಜನತಾ ಈಗಲೂ ಮನೆಯಲ್ಲಿದೆ. 1961ರಲ್ಲಿ ಜಪಾನಿನ ಸಿಟಿಜನ್ ಸಹಾಯದಿಂದ ಬೆಂಗಳೂರಿನಲ್ಲಿ ವಾಚು ಮಾಡಲು ಹೊರಟ ಸಂಸ್ಥೆ ಅದು. 2016ರಲ್ಲಿ ಎಚ್‌ಎಂಟಿ ವಾಚಸ್ಸನ್ನು ಮುಚ್ಚಲು ಸರ್ಕಾರವೇ ತೀರ್ಮಾನಿಸಿತು. ಅಪ್ಪನೂ ಹೋದರು. ಆದರೆ ಆ ವಾಚಿಗೆ ಯಾವತ್ತೂ ಬೆಲ್ಟಿಗೆ ಬರವಿಲ್ಲ. ಅಪ್ಪನ ಕಾಲದಲ್ಲಿ ಕಂದು ಚರ್ಮ, ಮಳೆಗಾಲಕ್ಕೆ ನೈಲಾನು, ನಡುವೆ ಒಂದಷ್ಟು ದಿನ ಕೂದಲು ಕೀಳುವ ಎಲಾಸ್ಟಿಕ್ ಚೈನು. ಈಗ ಚಿಕ್ಕಪೇಟೆಯ ಫುಟ್‌ಪಾತಿನಲ್ಲಿ ಕೊಂಡ ಕಪ್ಪು ಬೆಲ್ಟು, ಅಲ್ಲಿಯೇ ನಿಂತ ಕಾಲಲ್ಲಿ ಹಾಕಿಸಿದ್ದು. ಬೆಳಿಗ್ಗೆ ಒಮ್ಮೆ ಕೀ ಕೊಟ್ಟರೆ ಓಡುತ್ತದೆ. ಮಾಡಿದ ಕಂಪನಿ ಮುಚ್ಚಿದ ವಾಚು ನನ್ನ ಕೈಯಲ್ಲಿದೆ, ದಿನಕ್ಕೊಂದು ಜಾಹೀರಾತು ಕೊಡುವ ಕಂಪನಿಯ ವಾಚು ಡ್ರಾಯರಿನಲ್ಲಿದೆ.

ದುಡ್ಡಿದ್ದವರಿಗೆ ಪರಿಹಾರವೂ ಇದೆಯೆನ್ನಿ. 2016ರಲ್ಲಿ ವಾಶೆರಾನ್ ಕಾನ್‌ಸ್ಟಂಟಿನ್ ತನ್ನ ಓವರ್‌ಸೀಸ್ ವಾಚಿನ ಜೊತೆ ಉಕ್ಕಿನ ಚೈನು, ಚರ್ಮ, ರಬ್ಬರು ಮೂರನ್ನೂ ಕೊಟ್ಟು, ಯಾವ ಸಾಧನವೂ ಇಲ್ಲದೆ ಕೈಯಲ್ಲೇ ಬದಲಾಯಿಸುವ ವ್ಯವಸ್ಥೆ ಮಾಡಿತು. ಆ ದುಡ್ಡಿಗೆ ನಮ್ಮ ಕಡೆ ಮದುವೆಯನ್ನೇ ಮುಗಿಸಬಹುದು, ಅಳಿಯನಿಗೆ ವಾಚೂ ಸೇರಿ.

ಡ್ರಾಯರಿನ ವಾಚಿನ ಸೆಲ್ಲು ಮುಗಿದಾಗಲೆಲ್ಲ ಹೋಗಿ ಬದಲಾಯಿಸಿಕೊಂಡು ಬರುತ್ತೇನೆ. ಕಟ್ಟದ ವಾಚಿಗೆ ಸೆಲ್ಲು ಯಾಕೆ ಎಂದು ಹೆಂಡತಿ ಮೊದಮೊದಲು ಕೇಳುತ್ತಿದ್ದಳು. ಮಾವನವರು ತೀರಿಕೊಂಡ ಮೇಲೆ ಕೇಳುವುದನ್ನು ಬಿಟ್ಟಿದ್ದಾಳೆ, ಪೇಟೆಗೆ ಹೊರಟರೆ ತಾನೇ ನೆನಪಿಸುತ್ತಾಳೆ.

ಮೊನ್ನೆ ಮಗ ಸ್ಮಾರ್ಟ್‌ವಾಚ್ ತಂದ. ಹೆಜ್ಜೆ ಎಣಿಸುತ್ತದೆ, ನಿದ್ದೆ ಅಳೆಯುತ್ತದೆ, ಎದೆಬಡಿತ ತೋರಿಸುತ್ತದೆ ಎಂದು ಒಂದೊಂದೇ ಹೇಳತೊಡಗಿದ. ನಾನು ಕೇಳಿದ್ದು ಒಂದೇ: "ಬೆಲ್ಟು ಬದಲಾಯಿಸಬಹುದೇನೋ?"

"ಎಷ್ಟು ಬೇಕಾದ್ರೂ ಅಪ್ಪ, ದಿನಕ್ಕೊಂದು ಕಲರ್ರು," ಎಂದು ಚಕ್ಕನೆ ಕಳಚಿ ತೋರಿಸಿದ. ಭೇಷ್ ಎಂದೆ.

"ಬ್ಯಾಟರಿ ಮಾತ್ರ ಬದಲಾಯಿಸಕ್ಕೆ ಬರಲ್ಲ. ಅದು ಹೋದ್ರೆ ವಾಚೇ ಹೋದ ಹಾಗೆ."