ಹಿತ್ತಲ ಹೊಗೆಯೊಲೆ

ತರ್ಕಶಾಸ್ತ್ರ ಓದಿದವರಿಗೆ ಹೊಗೆಯೆಂದರೆ ದೂರದ ಬೆಟ್ಟದಲ್ಲಿ ಬೆಂಕಿಯುಂಟೆಂದು ಊಹಿಸಲು ಒದಗಿದ ಸಾಧನ. ಮಲೆನಾಡಿನ ಗೃಹಿಣಿಗೆ ಹೊಗೆಯೆಂದರೆ ಕಣ್ಣುರಿ. ಬೆಂಗಳೂರಿನ ಗೃಹಸ್ಥನಿಗೆ ಅದು ಮುಂದಿನ ಬಸ್ಸು ಮುಖಕ್ಕೆ ಉಗುಳಿಹೋಗುವ ಕೊಡುಗೆ. ಪುಕ್ಕಟೆಯಾಗಿ, ಬೇಡವೆಂದರೂ ದೊರೆಯುವ ಈ ವಸ್ತುವನ್ನು ಹಣ ತೆತ್ತು ಕೊಳ್ಳುವವರೂ ಲೋಕದಲ್ಲಿದ್ದಾರೆಂದರೆ ಈ ಮೂವರಲ್ಲಿ ಯಾರೂ ನಂಬಲಾರರು. ಕಳೆದ ಬೇಸಗೆಯ ರಜೆಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ನನ್ನ ಭಾವನವರು ಅಂಥದೊಂದು ಖರೀದಿಗಾಗಿ ತಪಸ್ಸು ಮಾಡುತ್ತಿರುವುದನ್ನು ನಾನು ಕಣ್ಣಾರೆ ಕಂಡೆ. ಆಗಲೇ ಮೂರು ತಿಂಗಳು ಕಳೆದಿದ್ದವು. ಹೆಣ್ಣು ನೋಡಲು ಬಂದವರು ಅರ್ಧ ಗಂಟೆಯಲ್ಲಿ ಒಪ್ಪಿಗೆ ಹೇಳಿ ಎದ್ದಿದ್ದರೆಂಬ ಸಂಗತಿಯನ್ನು ಅಕ್ಕ ಈ ಸಂದರ್ಭದಲ್ಲಿ ದಿನಕ್ಕೊಮ್ಮೆಯಾದರೂ ಜ್ಞಾಪಿಸುತ್ತಿದ್ದಳು.

ಅವರು ಕೊಳ್ಳಹೊರಟಿದ್ದುದು ‘ಸ್ಮೋಕರ್’ ಎಂಬ ಸಾಧನ. ಕನ್ನಡದಲ್ಲಿ ಹೊಗೆಯೊಲೆ ಎನ್ನೋಣ. ಟೆಕ್ಸಾಸಿನ ಮನೆಗಳ ಹಿತ್ತಲಲ್ಲಿ ನಮ್ಮ ತುಳಸಿಕಟ್ಟೆಯಂತೆ ಇದೂ ಒಂದು ನೆಲೆಗೊಂಡ ವಸ್ತು. ಇದರಲ್ಲಿ ಸಿದ್ಧವಾಗುವ ಬಾರ್ಬೆಕ್ಯೂವನ್ನು ಓದುಗರು ನಮ್ಮ ಕಬಾಬಿನ ಒಡಹುಟ್ಟೆಂದು ಭಾವಿಸಬಾರದು. ಕಬಾಬು ಕೆಂಡದ ನೆತ್ತಿಯ ಮೇಲೆ ನಿಮಿಷಗಳಲ್ಲಿ ಬೇಯುವಂಥದು. ಇಲ್ಲಿ ಬೆಂಕಿಯೊಂದು ಕಡೆ, ಮಾಂಸವೊಂದು ಕಡೆ. ನಡುವೆ ದೂತನಂತೆ ಓಡಾಡುವುದು ಬಿಸಿಗಾಳಿ ಮತ್ತು ಹೊಗೆ. ಶಾಖ 110ರಿಂದ 135 ಡಿಗ್ರಿ ಸೆಲ್ಸಿಯಸ್‌ನ ಒಳಗೇ ಇರಬೇಕು. ಆ ನಾಡಿನ ಹೆಸರಾಂತ ಖಾದ್ಯವಾದ ಬ್ರಿಸ್ಕೆಟ್, ಅಂದರೆ ದನದ ಎದೆಯ ಭಾಗದ ಮಾಂಸ, ಹೀಗೆ ಹದವಾಗಲು ಹನ್ನೆರಡು ಗಂಟೆ ಹಿಡಿಯುವುದುಂಟು. ಅದು ನಮ್ಮ ಮನೆಗೆ ಸಲ್ಲುವುದಲ್ಲ. ಭಾವನವರ ಆಸೆಯೇನಿದ್ದರೂ ಕೋಳಿ, ಹಂದಿ, ಮೀನುಗಳ ಮಟ್ಟದ್ದು. ಆದರೆ ತತ್ತ್ವ ಒಂದೇ. ಗಟ್ಟಿ ಮಾಂಸದೊಳಗಿನ ನಾರು ನಿಧಾನವಾದ ಶಾಖದಲ್ಲಿ ಕರಗಿ ಲೋಳೆಯಾಗುತ್ತದೆ. ನಡುವೆ ಒಂದು ವಿಚಿತ್ರವೂ ನಡೆಯುತ್ತದೆ. ಮಾಂಸದ ಒಳಶಾಖ 70 ಡಿಗ್ರಿಯ ಆಸುಪಾಸಿಗೆ ಬಂದು ಗಂಟೆಗಟ್ಟಲೆ ಅಲ್ಲೇ ಹಟಹಿಡಿದು ಕುಳಿತುಬಿಡುತ್ತದೆ. ಕಾರಣ, ಮೈಯಿಂದ ಆವಿಯಾಗುವ ನೀರು ಅದನ್ನು ತಂಪಾಗಿಸುತ್ತಿರುತ್ತದೆ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದೇ ಕಾರಣದಿಂದ. ಇದನ್ನರಿಯದ ಹೊಸಬರು ಒಲೆ ಕೆಟ್ಟಿತೆಂದು ಬಗೆದು ಸೌದೆ ತುರುಕಿ ಎಲ್ಲವನ್ನೂ ಸುಟ್ಟುಕೊಳ್ಳುತ್ತಾರಂತೆ.

ಬಾರ್ಬೆಕ್ಯೂ ಎಂಬ ಮಾತು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳದು. ಮಾಂಸವನ್ನಿಡುವ ಕಡ್ಡಿಗಳ ಅಟ್ಟಣೆಗೆ ಅವರು ಇಟ್ಟಿದ್ದ ಹೆಸರು ಸ್ಪೇನಿನವರ ಬಾಯಲ್ಲಿ ‘ಬಾರ್ಬಕೋವ’ ಆಗಿ, ಇಂಗ್ಲಿಷಿಗೆ ಇಳಿಯಿತು. ಮಧ್ಯ ಟೆಕ್ಸಾಸಿನಲ್ಲಿ ಇದಕ್ಕೆ ಈಗಿನ ರೂಪು ಕೊಟ್ಟವರಲ್ಲಿ ಜರ್ಮನಿ ಮತ್ತು ಜೆಕ್ ನಾಡುಗಳಿಂದ ವಲಸೆ ಬಂದ ಮಾಂಸದ ಅಂಗಡಿಯವರು ಮುಖ್ಯರು. ಲಾಕ್‌ಹಾರ್ಟ್ ಎಂಬ ಚಿಕ್ಕ ಊರಿನಲ್ಲಿ 1900ರಲ್ಲಿ ಆರಂಭವಾದ ಅಂಥದೊಂದು ಅಂಗಡಿ, ಕ್ರೈಟ್ಸ್ ಮಾರ್ಕೆಟ್, ಇಂದಿಗೂ ನಡೆಯುತ್ತಿದೆ. 1999ರಲ್ಲಿ ಆ ರಾಜ್ಯದ ಶಾಸನಸಭೆ ಆ ಊರನ್ನು ಬಾರ್ಬೆಕ್ಯೂವಿನ ರಾಜಧಾನಿಯೆಂದು ಗೊತ್ತುವಳಿ ಮಾಡಿ ಸಾರಿತು. ಶಾಸನಸಭೆಗಳಿಗೆ ಎಲ್ಲ ನಾಡಿನಲ್ಲೂ ಬಿಡುವು ಇದ್ದೇ ಇರುತ್ತದೆ.

ಭಾನುವಾರ ಭಾವನವರು ನಮ್ಮಿಬ್ಬರನ್ನೂ ಕಾರಿನಲ್ಲಿ ಹತ್ತಿಸಿಕೊಂಡು ಅಂಗಡಿಗೆ ಹೊರಟರು. ‘‘ಮೇಷ್ಟ್ರೇ, ನೀವು ಬನ್ನಿ. ನಿಮ್ಮ ಅಕ್ಕನಿಗೆ ಯಾವುದೂ ಒಪ್ಪಿಗೆಯಾಗೋದಿಲ್ಲ’’ ಎಂದು ನನ್ನನ್ನು ಸಾಕ್ಷಿಗೆ ಕರೆದರು.

ಅಂಗಡಿಯೋ ಜಾತ್ರೆಯಷ್ಟು ವಿಸ್ತಾರ. ಮೊದಲ ಸಾಲಿನಲ್ಲಿ ನಿಂತಿದ್ದವು ಅಡ್ಡಲಾಗಿ ಮಲಗಿಸಿದ ಪೀಪಾಯಿಯಂಥ ಕಬ್ಬಿಣದ ಒಲೆಗಳು. ಪಕ್ಕದಲ್ಲಿ ಬೆಂಕಿಗೊಂದು ಪೆಟ್ಟಿಗೆ, ಇನ್ನೊಂದು ತುದಿಯಲ್ಲಿ ಹೊಗೆ ಹೋಗಲು ಕೊಳವೆ. ಟೆಕ್ಸಾಸಿನವರ ಪಾಲಿಗೆ ಇದೇ ನಿಜವಾದ ಹೊಗೆಯೊಲೆ. ಎಣ್ಣೆ ಬಾವಿಗಳ ನಾಡಾದ್ದರಿಂದ ಹಳೆಯ ಎಣ್ಣೆಕೊಳವೆಗಳನ್ನೇ ಕತ್ತರಿಸಿ ಬೆಸುಗೆ ಹಾಕಿ ಮಾಡಿಕೊಂಡವರು ಬೇಕಾದಷ್ಟು ಮಂದಿ. ಒಂದೇ ಗಾತ್ರದ ಎರಡು ಒಲೆಗಳು ಅಕ್ಕಪಕ್ಕದಲ್ಲಿದ್ದವು. ಒಂದರ ಬೆಲೆ ಇನ್ನೊಂದಕ್ಕೆ ಐದು ಪಟ್ಟು. ಅಗ್ಗದ್ದು ಥಳಥಳನೆ ಹೊಳೆಯುತ್ತಿತ್ತು. ದುಬಾರಿಯದು ಮಂಕಾಗಿ ಎಮ್ಮೆಯಂತೆ ನಿಂತಿತ್ತು. ಭಾವನವರು ಸೂಚನಾಪತ್ರ ಓದತೊಡಗಿದರು. ಅಕ್ಕ ಅದರ ಗೊಡವೆಗೆ ಹೋಗದೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಅಮ್ಮ ಕಾವಲಿ ಆರಿಸುತ್ತಿದ್ದ ಕ್ರಮದಲ್ಲೇ, ಬೆರಳಗೆಣ್ಣಿನಿಂದ ಎರಡನ್ನೂ ತಟ್ಟಿ ನೋಡಿದಳು. ಒಂದು ಡಬ್ಬದ ಸದ್ದು ಮಾಡಿತು, ಇನ್ನೊಂದು ಗುಂಡುಕಲ್ಲಿನಂತೆ ಸುಮ್ಮನಿತ್ತು. ಮುಚ್ಚಳ ಎತ್ತಿ ಇಳಿಸಿದಳು. ಕೈಚೀಲದಿಂದ ಹಳೆಯ ರಸೀದಿಯೊಂದನ್ನು ತೆಗೆದು ಬಾಗಿಲಿನ ಸಂದಿಗಿಟ್ಟು, ಮುಚ್ಚಿ, ಎಳೆದಳು. ಅಗ್ಗದ್ದರಿಂದ ಚೀಟಿ ಸಲೀಸಾಗಿ ಈಚೆಗೆ ಬಂತು, ದುಬಾರಿಯದರಲ್ಲಿ ಹರಿದುಹೋಯಿತು.

ಇಡೀ ಶಾಸ್ತ್ರ ಆ ಚೀಟಿಯಲ್ಲಿದೆ. ಹೊಗೆಯೊಲೆಯ ಗುಣವೆಂದರೆ ಗಾಳಿಯ ಮೇಲೆ ಅದಕ್ಕಿರುವ ಹಿಡಿತ. ಬೇಕಾದ ಕಿಂಡಿಯಿಂದ ಬೇಕಾದಷ್ಟೇ ಗಾಳಿ ಒಳಹೊಕ್ಕು, ಬೆಂಕಿಯನ್ನು ಹಾದು, ಕೊಳವೆಯಿಂದ ಹೊರಹೋಗಬೇಕು. ಸಂದುಗೊಂದುಗಳಿಂದ ಗಾಳಿ ನುಸುಳಿದರೆ ಶಾಖ ಯಾರ ಮಾತನ್ನೂ ಕೇಳದು. ತಗಡು ತೆಳುವಾದರೆ ಬೀಸುಗಾಳಿಗೆ ಒಲೆ ತಣಿಯುತ್ತದೆ, ಸೌದೆ ಹಾಕಿದೊಡನೆ ಉರಿದೇಳುತ್ತದೆ. ಕಾಲು ಅಂಗುಲ ದಪ್ಪದ ಉಕ್ಕಾದರೆ ಕಾದ ಮೇಲೆ ಸ್ಥಿರಬುದ್ಧಿಯಿಂದ ಇರುತ್ತದೆ. ಮುಚ್ಚಳದ ಮೇಲೆ ಮೆರೆಯುವ ಉಷ್ಣಮಾಪಕವನ್ನು ನಂಬಿ ಕೆಟ್ಟವರುಂಟು. ಅದು ತಿಳಿಸುವುದು ನೆತ್ತಿಯ ಶಾಖವನ್ನು. ಮಾಂಸವಿರುವುದು ಒಂದು ಗೇಣು ಕೆಳಗೆ. ಇನ್ನು ಹೊಗೆಯ ಬಣ್ಣ. ಗಾಳಿ ಸಾಲದೆ ಮುಗ್ಗುವ ಬೆಂಕಿ ಬಿಳಿಯ ದಟ್ಟ ಹೊಗೆ ಕಾರುತ್ತದೆ, ಅದು ತಿನಿಸನ್ನು ಕಹಿ ಮಾಡುತ್ತದೆ. ಒಣಗಿದ ಸೌದೆಯ ಚಿಕ್ಕ, ಚುರುಕಾದ ಬೆಂಕಿ ಕಂಡೂ ಕಾಣದಂಥ ನಸುನೀಲಿ ಹೊಗೆಯನ್ನಷ್ಟೇ ಬಿಡುತ್ತದೆ. ಬಲ್ಲವರು ಬಯಸುವುದು ಅದನ್ನೇ. ಹೊಗೆಯೊಲೆಯಲ್ಲಿ ಹೊಗೆ ಕಡಮೆಯಿದ್ದಷ್ಟೂ ಒಳ್ಳೆಯದೆಂಬುದು ನನಗೆ ಯಾವ ಅಲಂಕಾರಶಾಸ್ತ್ರದ ವಿರೋಧಾಭಾಸಕ್ಕಿಂತಲೂ ರುಚಿಸಿತು.

ಉಳಿದ ಬಗೆಗಳನ್ನೂ ನೋಡಿದೆವು. ದಪ್ಪ ಪಿಂಗಾಣಿಯ, ಮೊಟ್ಟೆಯಾಕಾರದ ಕಮಾಡೊ. ಹೆಸರು ಜಪಾನೀ, ಅರ್ಥ ಒಲೆಯೆಂದೇ. ಒಂದು ಬೊಗಸೆ ಇದ್ದಿಲಿನಲ್ಲಿ ಬಹಳ ಹೊತ್ತು ಶಾಖ ಹಿಡಿದಿಡುವ ಮಿತವ್ಯಯಿ, ಆದರೆ ಬಿದ್ದರೆ ಒಡೆಯುತ್ತದೆ. ಮರದ ಪುಡಿಯ ಗುಳಿಗೆಗಳನ್ನು ವಿದ್ಯುತ್ತಿನ ಬಲದಿಂದ ತಾನೇ ನುಂಗಿ ಉರಿಯುವ ಯಂತ್ರವೂ ಇತ್ತು. ಆರೆಗಾನ್ ರಾಜ್ಯದ ಟ್ರೇಗರ್ ಎಂಬಾತ 1980ರ ದಶಕದಲ್ಲಿ ಹೊರತಂದದ್ದು. ಈಗ ಅದನ್ನು ಒಳಗೆ ಕುಳಿತು ಮೊಬೈಲಿನಲ್ಲೇ ಆಳಬಹುದು. ಭಾವನವರ ಕಣ್ಣು ಅದರ ಮೇಲೆ ನೆಟ್ಟಿತು.

‘‘ಫೋನು ನೋಡೋಕೆ ಇನ್ನೊಂದು ನೆಪ ಬೇಕಾಗಿತ್ತು, ಅಲ್ವೇ?’’ ಎಂದಳು ಅಕ್ಕ.

ಅವರು ಎಮ್ಮೆಯಂಥ ಉಕ್ಕಿನ ಒಲೆಗೆ ಹಿಂತಿರುಗಿದರು. ಅಂಗಡಿಯ ಹುಡುಗ ಅದರ ಗುಣಗಾನ ಮಾಡಿ, ಮುಕ್ಕಾಲು ಗಂಟೆಗೊಮ್ಮೆ ಒಂದು ಸೀಳು ಓಕ್ ಸೌದೆ ಹಾಕುತ್ತಿದ್ದರೆ ಸಾಕೆಂದು ವಿವರಿಸಿದ.

‘‘ಎಷ್ಟು ಹೊತ್ತು?’’

‘‘ಹತ್ತು, ಹನ್ನೆರಡು ಗಂಟೆ.’’

ಅಕ್ಕ ಕನ್ನಡಕ್ಕೆ ತಿರುಗಿದಳು. ‘‘ಯಾರು ಕೂರೋರು ಅಂತ ಕೇಳಿ. ನಾನಂತೂ ಕೂರೋದಿಲ್ಲ.’’

ಆ ಮಾತಿನ ಹಿಂದೆ ಏನಿತ್ತೆಂಬುದು ನನಗೂ ಭಾವನವರಿಗೂ ಗೊತ್ತಿತ್ತು. ಊರಿನ ನಮ್ಮ ಮನೆಯಲ್ಲಿ ಅಮ್ಮ ಮೂವತ್ತು ವರ್ಷ ಊದುಗೊಳವೆ ಹಿಡಿದು ಕುಳಿತವಳು. ಮಳೆಗಾಲದ ಹಸಿ ಸೌದೆ, ಕಿಟಕಿಯೆಂದರೆ ಒಂದು ಗೇಣಗಲದ ಬೆಳಕಿಂಡಿ. ಒಲೆಯ ಮೇಲೆ ತೂಗುಬಿಟ್ಟ ಬಿದಿರಿನ ತಟ್ಟಿಯಲ್ಲಿ ಬೀಜದ ಕಾಳು, ಒಣಮೀನು ಹೊಗೆ ಕುಡಿದು ಹದವಾಗುತ್ತಿದ್ದವು. ಕೆಳಗೆ ಅಮ್ಮನೂ ಕುಡಿಯುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆಂದು ಶಿವಮೊಗ್ಗೆಗೆ ಕರೆದೊಯ್ದೆವು. ವೈದ್ಯರು ಮೊದಲು ಕೇಳಿದ ಪ್ರಶ್ನೆ, ‘‘ಬೀಡಿ ಸೇದುತ್ತಿದ್ದರೆ?’’ ಎಂಬುದು. ಆ ದಿನ ಅಕ್ಕ ಜತೆಗಿದ್ದಳು. ಮನೆಯೊಳಗಿನ ಒಲೆಗಳ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 32 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರೂ ಬೀಡಿ ಸೇದಿದವರೇ ಇರಬೇಕೆಂದು ಯಾರಾದರೂ ಕೇಳಿರಬಹುದು.

ದಾರಿಯಿರಲಿಲ್ಲವೆನ್ನುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ಕೇಂದ್ರ, ಹಳ್ಳಿಗಳಿಗಾಗಿ ಒಂದು ಒಲೆಯನ್ನು ರೂಪಿಸಿತು. ಮೂರು ಪಾತ್ರೆಗಳ ಆ ಅಸ್ತ್ರ ಒಲೆ 1980ರ ದಶಕದಲ್ಲಿ ಕರ್ನಾಟಕದ ಎಷ್ಟೋ ಅಡುಗೆಮನೆಗಳನ್ನು ಸೇರಿತು. ಸೌದೆಯ ಅಡಿಗೆ ಸರಳುಗಳ ಜಾಲರಿ, ಅಳತೆಯ ಗಾಳಿಕಿಂಡಿ, ಛಾವಣಿಯಾಚೆಗೆ ಹೊಗೆ ಸಾಗಿಸುವ ಕೊಳವೆ. ಟೆಕ್ಸಾಸಿನ ಅಂಗಡಿಯಲ್ಲಿ ಆ ಹುಡುಗ ಹೊಸ ಸಂಗತಿಯೆಂಬಂತೆ ಹೇಳಿದ ವಾಯುವಿದ್ಯೆಯೆಲ್ಲ ಆ ಮಣ್ಣಿನ ಒಲೆಯಲ್ಲಿ ಆಗಲೇ ಇತ್ತು. ನಮ್ಮೂರಿನ ಕೆಲವು ಮನೆಗಳಲ್ಲೂ ಅದು ಕಾಣಿಸಿಕೊಂಡಿತು. ನಮ್ಮ ಮನೆಗೆ ಬರಲಿಲ್ಲ. ‘‘ಅನ್ನ ಬೇಯ್ತಾ ಇದೆಯಲ್ಲ’’ ಎಂದರಂತೆ ಅಪ್ಪ. ತಿಂಗಳಿಗೆರಡು ಬಾರಿ ಕೋಳಿ ಬೇಯಿಸುವ ಒಲೆಗಾಗಿ ಮೂರು ತಿಂಗಳು ವಿಚಾರಣೆ ನಡೆಯಿತು. ದಿನಕ್ಕೆ ಮೂರು ಹೊತ್ತು ಉರಿದ ಒಲೆಗೆ ಮೂರು ನಿಮಿಷವೂ ದೊರೆಯಲಿಲ್ಲ. ಕೂರುವವರು ಬೇರೆ, ವಿಚಾರಿಸುವವರು ಬೇರೆಯಾದ ಕಡೆ ಹೀಗೇ ಆಗುವುದು.

ಭಾವನವರು ಒಳ್ಳೆಯ ಮನುಷ್ಯರು. ‘‘ನಾನೇ ಕೂರ್ತೀನಿ ಕಣೇ, ನಾನೇ ತೊಳೀತೀನಿ’’ ಎಂದು ಅಂಗಡಿಯ ನಡುವೆಯೇ ಮಾತು ಕೊಟ್ಟರು. ಮಾತು ಕೊಟ್ಟ ಮೇಲೆ ಅವರ ಲೆಕ್ಕಾಚಾರವೇ ಬದಲಾದದ್ದನ್ನು ಗಮನಿಸಿ ನನಗೆ ನಗು ಬಂತು. ಮುಕ್ಕಾಲು ಗಂಟೆಗೊಮ್ಮೆ ಏಳುವುದು ತಮ್ಮ ಬೆನ್ನಿಗೆ ಬಂದೊಡನೆ ಎಮ್ಮೆಯ ಮೇಲಿನ ಮೋಹ ಇಳಿಯಿತು. ನಾಲ್ವರ ಸಂಸಾರಕ್ಕೆ ಅಷ್ಟು ದೊಡ್ಡದೇಕೆಂಬ ವಿವೇಕವೂ ಮೂಡಿತು. ಕೊನೆಗೆ ಆರಿಸಿದ್ದು ವೆಬರ್ ಕಂಪನಿಯವರು 1981ರಿಂದ ಮಾಡುತ್ತಿರುವ, ಗುಂಡಿನಾಕಾರದಲ್ಲಿ ನೆಟ್ಟಗೆ ನಿಲ್ಲುವ 18 ಅಂಗುಲದ ಒಲೆಯನ್ನು. ತಳದಲ್ಲಿ ಇದ್ದಿಲು, ಅದರ ಮೇಲೆ ಮರದ ನಾಲ್ಕು ತುಂಡು, ನಡುವೆ ನೀರಿನ ತಟ್ಟೆ, ಮೇಲೆ ಎರಡು ಜಾಲರಿ. ಆ ನೀರು ಶಾಖವನ್ನು ಏರದಂತೆ ತಡೆಯುತ್ತದೆ. ಒಮ್ಮೆ ಇದ್ದಿಲು ತುಂಬಿದರೆ ಹಲವು ಗಂಟೆ ಮುಟ್ಟಬೇಕಾಗಿಲ್ಲ. ಎನಾಮಲ್ ಲೇಪವಿರುವುದರಿಂದ ತುಕ್ಕಿನ ಭಯವೂ ಕಡಮೆ. ಚೀಟಿಯ ಪರೀಕ್ಷೆಯಲ್ಲಿ ಅದು ಎಮ್ಮೆಯಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ, ಆದರೆ ತೇರ್ಗಡೆಯಾಯಿತು.

ಆ ರಾತ್ರಿ ಫೋನಿನ ಪರದೆಯ ಮೇಲೆ ಅಮ್ಮನಿಗೆ ಹಿತ್ತಲನ್ನೂ ಒಲೆಯನ್ನೂ ತೋರಿಸಿದೆವು. ಬೆಲೆಯನ್ನು ಅಕ್ಕ ಹೇಳಲಿಲ್ಲ. ಅಮ್ಮ ಸ್ವಲ್ಪ ಹೊತ್ತು ನೋಡಿ, ‘‘ಹೊಗೆ ಯಾವ ಕಡೆ ಹೋಗ್ತದೆ ಕಣೇ?’’ ಎಂದು ಕೇಳಿದಳು. ಆ ಮೂರು ತಿಂಗಳಲ್ಲಿ ಭಾವನವರು ಓದಿದ ಯಾವ ಬರೆಹದಲ್ಲೂ ಅಂಥ ಪ್ರಶ್ನೆ ಇರಲಿಲ್ಲವಂತೆ. ಅಡುಗೆಮನೆಯ ಕಿಟಕಿಯ ಬಳಿ ಇಟ್ಟಿದ್ದ ಒಲೆಯನ್ನು ಆಗಲೇ ಎತ್ತಿಕೊಂಡು ಹೋಗಿ, ಗಾಳಿ ಬೀಸುವ ದಿಕ್ಕು ನೋಡಿ, ಬೇಲಿಯ ಮೂಲೆಯಲ್ಲಿ ಕಲ್ಲುಚಪ್ಪಡಿಯ ಮೇಲೆ ಇಟ್ಟೆವು.

ಮುಂದಿನ ಭಾನುವಾರ ಬೆಳಿಗ್ಗೆ ಭಾವನವರು ಮೊದಲು ಬರಿಯ ಒಲೆಯನ್ನೇ ಎರಡು ಗಂಟೆ ಉರಿಸಿ, ಬಳಿಕ ಅರಿಸಿನ ಮೆಣಸು ಸವರಿದ ಎರಡು ಕೋಳಿಗಳನ್ನು ಒಳಗಿಟ್ಟರು. ಮೇಲಿನ ಜಾಲರಿಯಲ್ಲಿ ಅಕ್ಕನ ಅಪ್ಪಣೆಯಂತೆ ನಾಲ್ಕು ಗುಂಡುಬದನೆ. ಮೊದಲ ಅರ್ಧ ಗಂಟೆ ಹೊಗೆ ಬೆಳ್ಳಗೆ ಎದ್ದಿತು. ಕೆಳಗಿನ ಕಿಂಡಿಯನ್ನು ಅಷ್ಟಿಷ್ಟು ತೆರೆದ ಮೇಲೆ ತೆಳುವಾಗಿ, ನೀಲಿಗೆ ತಿರುಗಿ, ಬೇಲಿ ದಾಟಿ ಹೋಯಿತು. ಭಾವನವರು ಮಡಚುಕುರ್ಚಿ ಹಾಕಿಕೊಂಡು, ತಲೆಗೆ ಟವಲು ಸುತ್ತಿಕೊಂಡು, ಅಲುಗದೆ ಕುಳಿತಿದ್ದರು. ಮಧ್ಯಾಹ್ನ ಒಳಗೆ ಹೋಗಿ ನೋಡಿದೆ. ಅಕ್ಕ ಅಡುಗೆಮನೆಯ ಬಾಗಿಲು ಮುಚ್ಚಿ, ನಡುಮನೆಯ ಸೋಫಾದ ಮೇಲೆ ಗಾಢವಾಗಿ ನಿದ್ದೆ ಹೋಗಿದ್ದಳು. ನಾಲ್ಕೂವರೆಗೆ ಬದನೆಕಾಯಿಯ ಸಿಪ್ಪೆ ಸುಲಿದದ್ದೂ ಭಾವನವರೇ.