ಸುಳಿಯ ರಸ, ಗುಂಡಿಯ ಗೊಬ್ಬರ

ಜೂನ್ 14
ಮಳೆ ಹಿಡಿಯಿತು. ಮೇಲಿನ ತೋಟದ ಎಳೆ ತೆಂಗಿಗೆ ಕುರುವಾಯಿ ದುಂಬಿ ಬಿದ್ದಿದೆ. ಹೊಸ ಗರಿಗಳಿಗೆ ಯಾರೋ ಕತ್ತರಿ ಆಡಿಸಿದ ಹಾಗಿದೆ. ಗರಿ ಸುಳಿಯಲ್ಲಿ ಮಡಚಿಕೊಂಡಿರುವಾಗಲೇ ದುಂಬಿ ಅಡ್ಡ ಕೊರೆದಿರುತ್ತದೆ. ಬಿಚ್ಚಿಕೊಂಡ ಮೇಲೆ ಒಂದೇ ಗಾಯ ಎರಡೂ ಬದಿಗೆ ಕಾಣುತ್ತದೆ. ಇವತ್ತು ನೋಡಿದ್ದು ಹಿಂದೆಂದೋ ಆದ ಗಾಯ.

ಜೂನ್ 15
ಮರ ಹತ್ತುವವನು ಕೊಕ್ಕೆ ಹಾಕಿ ಒಂದನ್ನು ಎಳೆದು ಕೊಟ್ಟ. ಕಪ್ಪು ಮಿರುಗುವ ಗಂಡು, ಉದ್ದನೆಯ ಕೊಂಬು. ಸುಳಿಯ ಎಳೆ ಭಾಗವನ್ನು ಜಗಿದು ಇದು ಕುಡಿಯುವುದು ರಸವನ್ನು ಮಾತ್ರ. ನಾರನ್ನು ಹೊರಗೆ ತಳ್ಳುತ್ತದೆ. ತೂತಿನ ಬಾಯಲ್ಲಿ ಆ ನಾರು ಕಂಡರೆ ಒಳಗೆ ದುಂಬಿ ಇದೆಯೆಂದೇ ತಿಳಿಯಬೇಕು. ನನಗೆ ಇದಕ್ಕಿಂತ ಹೆಚ್ಚಿನ ಭಯ ಕೆಂಪು ಮೂತಿಹುಳದ್ದು. ಈ ಗಾಯದಲ್ಲಿ ಅದು ಮೊಟ್ಟೆಯಿಟ್ಟರೆ ಮರವೇ ಹೋಗುತ್ತದೆ. ಬೇವಿನ ಹಿಂಡಿಗೆ ಅಷ್ಟೇ ಮರಳು ಬೆರೆಸಿ ಮೇಲಿನ ಮಡಲುಗಳ ಕಂಕುಳಿಗೆ ತುಂಬಿಸಿದೆ.

ಜುಲೈ 2
ಗೊಬ್ಬರದ ಗುಂಡಿ ತೆಗೆಸಿದೆ. ಅದೇ ದುಂಬಿಯ ಮರಿಗಳು: ಹೆಬ್ಬೆರಳು ಗಾತ್ರದ ಬಿಳಿ ಗೊಣ್ಣೆಹುಳುಗಳು, ಕಂದು ತಲೆ, ಮುರುಟಿಕೊಂಡ ಮೈ. ಇವು ಬದುಕಿರುವ ತೆಂಗನ್ನು ಮುಟ್ಟುವುದೇ ಇಲ್ಲ. ಕೊಳೆತ ಸಗಣಿ, ಕೊಳೆತ ಮರವೇ ಇವುಗಳ ಊಟ. ಹೆಣ್ಣು ಅಲ್ಲಿಯೇ ಮೊಟ್ಟೆಯಿಡುತ್ತದೆ, ಜೀವಮಾನದಲ್ಲಿ ನೂರಕ್ಕೂ ಹೆಚ್ಚು. ಸುಮಾರು 10–12 ದಿನಕ್ಕೆ ಮರಿ. ಎರಡು ಸಲ ಪೊರೆ ಕಳಚಿ, 3ರಿಂದ 6 ತಿಂಗಳು ತಿಂದು, ಮಣ್ಣಿನ ಗೂಡಿನಲ್ಲಿ ಕೋಶವಾಗುತ್ತದೆ. ದುಂಬಿಯಾದ ಮೇಲೂ ಕೆಲವು ವಾರ ಗೂಡಿನಲ್ಲೇ ಕೂತು ಮೈ ಗಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ರಾತ್ರಿ ಹಾರಾಟ, ಸುಳಿಯ ದಾರಿ. ಒಂದೇ ಜೀವಕ್ಕೆ ಎರಡು ಊರು, ಎರಡು ಊಟ! ಎಷ್ಟು ನೋಡಿದರೂ ಬೆರಗು ತೀರುವುದಿಲ್ಲ.

ಜುಲೈ 9
ಗುಂಡಿಗೆ ಮೆಟರೈಜಿಯಂ ಶಿಲೀಂಧ್ರ ಹಾಕಿಸಿದೆ. ಅದು ತಗುಲಿದ ಹುಳು ಸತ್ತು ಗಟ್ಟಿಯಾಗಿ, ಮೈಮೇಲೆ ಹಸಿರು ಬೂಷ್ಟು ಕಟ್ಟುತ್ತದೆ. ಈ ದುಂಬಿಗೆ ರೋಗ ತರುವ ವೈರಸ್ಸಿನ ಕಥೆ ಇನ್ನೂ ದೊಡ್ಡದು. 1909ರ ಹೊತ್ತಿಗೆ ಸಿಲೋನಿನ ರಬ್ಬರ್ ಸಸಿಗಳ ಜೊತೆ ಈ ದುಂಬಿ ಸಮೋವಾ ದ್ವೀಪ ಸೇರಿ ಅಲ್ಲಿನ ತೆಂಗನ್ನು ಹಾಳುಗೆಡವಿತ್ತು. 1963ರಲ್ಲಿ ಹ್ಯೂಗರ್ ಎಂಬ ಜರ್ಮನ್ ವಿಜ್ಞಾನಿ ಮಲಯದಲ್ಲಿ ಇದರ ರೋಗಕಾರಕ ವೈರಸ್ ಕಂಡುಹಿಡಿದರು. 1967ರಲ್ಲಿ ಅದನ್ನು ಸಮೋವಾದಲ್ಲಿ ಬಿಟ್ಟರು. ಸೋಂಕು ತಗುಲಿದ ದುಂಬಿಯೇ ಹಾರಿಹೋಗಿ ಗೊಬ್ಬರದಲ್ಲಿ ಅದನ್ನು ಹರಡುತ್ತದೆ.

ಆಗಸ್ಟ್ 3
ಬೇಲಿಯಾಚೆ ಬಿದ್ದ ತೆಂಗಿನ ಬೊಡ್ಡೆಗಳು ಮಳೆಯಲ್ಲಿ ಕೊಳೆಯುತ್ತಿವೆ. ನೆರೆಯವರಿಗೆ ಹೇಳಿ ಬಂದೆ, ಇಬ್ಬರ ಆಳುಗಳನ್ನೂ ಸೇರಿಸಿ ಸೀಳಿಸೋಣ ಎಂದು. ಮುಂದೆ ಈ ತೋಟ ನೋಡಿಕೊಳ್ಳುವವರಿಗೆ ಬರೆದಿಡುತ್ತೇನೆ: ಸುಳಿಗೆ ಔಷಧ ಹುಡುಕುವ ಮೊದಲು ಗುಂಡಿಯನ್ನು ಮಗುಚಿಸಿ ಹುಳು ಹೆಕ್ಕಿಸಿ, ಸತ್ತ ಮರವನ್ನು ತೋಟದಲ್ಲಿ ಕೊಳೆಯಲು ಬಿಡಬೇಡಿ.